34ಕ್ಕೆ ನಿಂತುಬಿಟ್ಟ ಬ್ಯಾಟರಿ

ರಾತ್ರಿ ಚಾರ್ಜರ್ ಹಾಕಿಯೇ ಮಲಗಿದ್ದೆ. ಬೆಳಿಗ್ಗೆ ಎದ್ದು ಲ್ಯಾಪ್‌ಟಾಪ್ ತೆರೆದರೆ ಬ್ಯಾಟರಿ 34 ಪರ್ಸೆಂಟ್. ಮಲಗುವಾಗಲೂ 34 ಇತ್ತು. ಬ್ಯಾಟರಿ ಗುರುತಿನ ಮೇಲೆ ಪ್ಲಗ್ಗಿನ ಚಿತ್ರ ಇದೆ, ಮೌಸ್ ಅಲ್ಲಿಗೆ ಒಯ್ದರೆ ‘ಪ್ಲಗ್ಡ್ ಇನ್, ನಾಟ್ ಚಾರ್ಜಿಂಗ್’ ಅಂತ ತೋರಿಸುತ್ತದೆ. ಕರೆಂಟು ಬರ್ತಾ ಇದೆ ಅಂತ ಅದೇ ಹೇಳುತ್ತದೆ, ಆದರೆ ತಗೊಳ್ಳುತ್ತಿಲ್ಲ ಅಂತಲೂ ಅದೇ ಹೇಳುತ್ತದೆ.

ಅವತ್ತು ಏಪ್ರಿಲ್ 17. ನಾನು ದಾವಣಗೆರೆಯಲ್ಲಿ ಮನೆಯಿಂದಲೇ ಅಂಗಡಿಗಳ ಲೆಕ್ಕ ಬರೆಯುವವಳು. ಚೌಕಿಪೇಟೆಯ ಬಟ್ಟೆ ಅಂಗಡಿಗಳು, ಮಂಡಿಪೇಟೆಯ ಸಗಟು ಕಿರಾಣಿಯವರು, ಎಲ್ಲ ಸೇರಿ 26 ಜನರ ಜಿಎಸ್‌ಟಿ ನನ್ನ ಕೈಯಲ್ಲಿದೆ. ತಿಂಗಳು ತಿಂಗಳು 20ರೊಳಗೆ ಅವರ 3ಬಿ ರಿಟರ್ನ್, ಅಂದರೆ ಆ ತಿಂಗಳ ವ್ಯಾಪಾರ ಮತ್ತು ತೆರಿಗೆಯ ಲೆಕ್ಕ, ಹೋಗಬೇಕು. ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ತೆರಿಗೆ ಬಾಕಿ ಇದ್ದರೆ ವರ್ಷಕ್ಕೆ ಶೇಕಡ 18ರ ಲೆಕ್ಕದಲ್ಲಿ ಬಡ್ಡಿ ಬೇರೆ. ದುಡ್ಡಿಗಿಂತ ಹೆಚ್ಚಾಗಿ, ನನ್ನನ್ನು ನಂಬಿ ಬಿಲ್ಲಿನ ಕಟ್ಟು ಕೊಟ್ಟು ಹೋಗಿರುತ್ತಾರಲ್ಲ, ಅವರಿಗೆ ಏನಂತ ಹೇಳೋದು? 11 ಜನರದ್ದು ಮುಗಿದಿತ್ತು. 15 ಉಳಿದಿತ್ತು.

ಚಾರ್ಜರ್ ಸಿಕ್ಕಿಸಿದರೆ ಲ್ಯಾಪ್‌ಟಾಪ್ ಓಡುತ್ತಿತ್ತು. ಹಾಗಾದರೆ ತೊಂದರೆ ಏನು ಅನ್ನಬಹುದು. ಏಪ್ರಿಲ್ ತಿಂಗಳಲ್ಲಿ ನಮ್ಮ ಕಡೆ ಕರೆಂಟು ಹೋಗಿ ಬಂದು ಮಾಡುತ್ತದೆ. ನಮ್ಮದು ಬಾಡಿಗೆ ಮನೆ, ಇನ್ವರ್ಟರ್ ಇಲ್ಲ. ಕರೆಂಟು ಹೋದಾಗ ಬ್ಯಾಟರಿ ಎಷ್ಟು ಖರ್ಚಾಯಿತೋ ಅಷ್ಟು ಖರ್ಚಾದ ಹಾಗೆಯೇ, ವಾಪಸ್ ತುಂಬುತ್ತಿರಲಿಲ್ಲ. ಅವತ್ತೇ ಮಧ್ಯಾಹ್ನ 25 ನಿಮಿಷ ಕರೆಂಟು ಹೋಯಿತು, 34 ಇದ್ದದ್ದು 23ಕ್ಕೆ ಇಳಿಯಿತು. ಹೀಗೇ ಇನ್ನೆರಡು ಸಲ ಹೋದರೆ, ಎಂಟ್ರಿ ಮಾಡುತ್ತಾ ಇರುವಾಗಲೇ ಲ್ಯಾಪ್‌ಟಾಪ್ ಫಟ್ ಅಂತ ಆರಿಹೋಗುತ್ತದೆ. ಲೆಕ್ಕದ ಫೈಲು ತೆರೆದಿರುವಾಗ ಹಾಗೆ ಆರಿದರೆ ಡೇಟಾ ಕೆಡುವ ಭಯ ಇದೆ. ಅದು ಗೊತ್ತಿರುವುದರಿಂದ ಕೈ ನಡುಗುತ್ತಿತ್ತು.

ಮೊದಲು ಮಾಡಿದ್ದು ಎಲ್ಲರೂ ಮಾಡುವಂಥದ್ದೇ. ಎಕ್ಸ್‌ಟೆನ್ಷನ್ ಬಾಕ್ಸ್ ಬಿಟ್ಟು ನೇರ ಗೋಡೆಯ ಸಾಕೆಟ್ಟಿಗೆ ಹಾಕಿದೆ. ಆಮೇಲೆ ಮಿಕ್ಸಿ ಹಾಕುವ ಸಾಕೆಟ್ಟಿಗೆ. ಗೋಡೆಯಿಂದ ಬರುವ ವೈರು ಚಾರ್ಜರ್ ಡಬ್ಬಿಗೆ ಸೇರುವ ಜಾಗ ಇರುತ್ತದಲ್ಲ, ಅಲ್ಲಿ ಸಡಿಲ ಆಗಿದೆಯಾ ಅಂತ ಒತ್ತಿ ನೋಡಿದೆ. ಡಬ್ಬಿಯ ಮೇಲಿನ ಹಸಿರು ಲೈಟು ಸರಿಯಾಗಿ ಉರಿಯುತ್ತಿತ್ತು. ಬಿಸಿಲಿಗೆ ಹೀಗಾಗಿದೆಯಾ ಅಂತಲೂ ಅನುಮಾನ ಬಂತು. ಅದು ಸುಮ್ನೆ ಅಲ್ಲ. ಲಿಥಿಯಂ ಬ್ಯಾಟರಿ ಸಾಮಾನ್ಯವಾಗಿ 0ಯಿಂದ 45 ಡಿಗ್ರಿ ಒಳಗಿದ್ದಾಗ ಚಾರ್ಜ್ ಆಗುವಂಥದ್ದು, ಅದಕ್ಕಿಂತ ಬಿಸಿಯಾದರೆ ಲ್ಯಾಪ್‌ಟಾಪೇ ಚಾರ್ಜ್ ನಿಲ್ಲಿಸಿಬಿಡುತ್ತದೆ. ನನ್ನ ಕೆಲಸದ ಕೋಣೆಗೆ ಮೇಲೆ ಶೀಟು, ಮಧ್ಯಾಹ್ನ ಕಾವು ಇಳಿಯುತ್ತಿರುತ್ತದೆ. ಅದಕ್ಕೇ ಲ್ಯಾಪ್‌ಟಾಪ್ ಆರಿಸಿ, ಹಾಲ್‌ನಲ್ಲಿ ಫ್ಯಾನ್ ಕೆಳಗೆ ನೆಲದ ಮೇಲೆ ಒಂದು ಗಂಟೆ ಇಟ್ಟೆ. ಮುಟ್ಟಿದರೆ ತಣ್ಣಗಾಗಿತ್ತು. ಮತ್ತೆ ಚಾರ್ಜರ್ ಹಾಕಿದರೆ ಅದೇ 23.

ಸಂಜೆ ಒಂದು ಅಂಗಡಿಗೆ ಒಯ್ದೆ. ದೊಡ್ಡ ಅಂಗಡಿ, ಗಾಜಿನ ಬಾಗಿಲು, ಜನ ತುಂಬಿದ್ದರು. ಕೌಂಟರಿನ ಹುಡುಗ ಚಾರ್ಜರ್ ಸಿಕ್ಕಿಸಿದ, ಪರದೆ ನೋಡಿದ, ತೆಗೆದ. ಒಂದು ನಿಮಿಷವೂ ಆಗಲಿಲ್ಲ. “ಬ್ಯಾಟರಿ ಹೋಗಿದೆ ಮೇಡಂ. 3,200 ಆಗುತ್ತೆ. ಸ್ಟಾಕ್ ಇಲ್ಲ, ಬೆಂಗಳೂರಿಂದ ತರಿಸಬೇಕು, ಎರಡು ದಿನ.” ಎರಡು ದಿನ ಅಂದರೆ ನನಗೆ 19ರ ಸಂಜೆ. ಅಷ್ಟೊತ್ತಿಗೆ ಏನು ಮಾಡಲಿ? ಸ್ಟಾಕ್ ಇದ್ದಿದ್ದರೆ ಅಲ್ಲೇ ಹಾಕಿಸಿಬಿಡುತ್ತಿದ್ದೆ, ಇದು ನಿಜ. ಯೋಚನೆ ಮಾಡಿ ಹೇಳುತ್ತೇನೆ ಅಂತ ಬಂದೆ. ಅವರು ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಮೂರು ವರ್ಷದ ಲ್ಯಾಪ್‌ಟಾಪ್, ಚಾರ್ಜ್ ಆಗ್ತಿಲ್ಲ ಅಂದರೆ ಬ್ಯಾಟರಿ ಅಂತಲೇ ಯಾರಿಗೂ ಮೊದಲು ಹೊಳೆಯುವುದು. ಅವರು ನೋಡಲಿಲ್ಲ, ಅಷ್ಟೇ.

ರಾತ್ರಿ ಮಗಳಿಗೆ ಫೋನ್ ಮಾಡಿದೆ. ಅವಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಕಂಪ್ಯೂಟರ್ ವಿಷಯ ಚೆನ್ನಾಗಿ ಗೊತ್ತು. ನಾನು ಎಲ್ಲ ಹೇಳಿ ಮುಗಿಸುವ ತನಕ ಸುಮ್ಮನಿದ್ದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

“ಅಮ್ಮ, 34ಕ್ಕೇ ನಿಂತಿತ್ತಾ? 60ಕ್ಕೋ 80ಕ್ಕೋ ಅಲ್ಲ ತಾನೆ?”

ಅದ್ಯಾಕೆ ಅಂದೆ. ಬ್ಯಾಟರಿ ಬೇಗ ಸವೆಯದಿರಲಿ ಅಂತ ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ 60ಕ್ಕೋ 80ಕ್ಕೋ ಚಾರ್ಜ್ ನಿಲ್ಲಿಸುವ ಸೆಟ್ಟಿಂಗ್ ಇರುತ್ತದಂತೆ. ಅದು ಆನ್ ಆಗಿದ್ದರೆ, ಎಲ್ಲ ಸರಿ ಇದ್ದರೂ ‘ನಾಟ್ ಚಾರ್ಜಿಂಗ್’ ಅಂತಲೇ ತೋರಿಸುತ್ತದೆ. ಎಷ್ಟೋ ಜನ ಅದನ್ನೇ ನೋಡಿ ಹೆದರಿ ಅಂಗಡಿಗೆ ಓಡುತ್ತಾರಂತೆ. ನನ್ನದು 34, ಯಾವ ಸೆಟ್ಟಿಂಗೂ ಅಲ್ಲ. “ತಿಂಗಳುಗಟ್ಟಲೆ ಮುಚ್ಚಿ ಇಟ್ಟಿದ್ದೆಯಾ?” ಅಂತಲೂ ಕೇಳಿದಳು. ಪೂರ್ತಿ ಖಾಲಿಯಾದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಒಳಗಿನ ವೋಲ್ಟೇಜ್ ತೀರಾ ಕುಸಿದು, ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟ್ ಚಾರ್ಜ್ ಮಾಡುವುದಕ್ಕೇ ಬಿಡುವುದಿಲ್ಲ. ನನ್ನದು ದಿನಾ ಎಂಟು ತಾಸು ದುಡಿಯುವ ಲ್ಯಾಪ್‌ಟಾಪ್, ಅದೂ ಅಲ್ಲ.

“ಸರಿ, ಬ್ಯಾಟರಿ ಹೋಗಿದೆಯೋ ಇಲ್ಲವೋ ಅಂತ ಬ್ಯಾಟರಿನೇ ಕೇಳೋಣ” ಅಂದಳು.

ಇದು ನನಗೆ ಗೊತ್ತೇ ಇರಲಿಲ್ಲ. ವಿಂಡೋಸ್ ಲ್ಯಾಪ್‌ಟಾಪ್ ಬ್ಯಾಟರಿಯ ಲೆಕ್ಕ ಬರೆದಿಟ್ಟುಕೊಂಡಿರುತ್ತದೆ. ವಿಂಡೋಸ್ ಬಟನ್ ಒತ್ತಿ ಸಿ, ಎಂ, ಡಿ ಅಂತ ಮೂರು ಅಕ್ಷರ ಟೈಪ್ ಮಾಡಿ ಎಂಟರ್ ಕೊಟ್ಟರೆ ಒಂದು ಕಪ್ಪು ಕಿಟಕಿ ತೆರೆಯುತ್ತದೆ. ಅದರಲ್ಲಿ ‘ಪವರ್’ ಅನ್ನುವ ಪದಕ್ಕೆ ಅಂಟಿಸಿ ಸಿ, ಎಫ್, ಜಿ ಬರೆದು, ಒಂದು ಸ್ಪೇಸ್ ಬಿಟ್ಟು, ಒಂದು ಸ್ಲ್ಯಾಷ್ ಹಾಕಿ, ಅದಕ್ಕೆ ಅಂಟಿಕೊಂಡಂತೆ ‘ಬ್ಯಾಟರಿರಿಪೋರ್ಟ್’ ಅಂತ ಒಂದೇ ಪದವಾಗಿ ಬರೆಯಬೇಕು. ಎಲ್ಲ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ. ಎಂಟರ್ ಒತ್ತಿದರೆ ರಿಪೋರ್ಟ್ ಯಾವ ಫೋಲ್ಡರಿನಲ್ಲಿ ಕೂತಿದೆ ಅಂತ ಅದೇ ತೋರಿಸುತ್ತದೆ. ಅಲ್ಲಿಗೆ ಹೋಗಿ ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಇಂಟರ್ನೆಟ್ ನೋಡುವ ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ. ದುಡ್ಡಿಲ್ಲ, ಕಾಸಿಲ್ಲ, ಬೇರೆ ಸಾಫ್ಟ್‌ವೇರ್ ಇಳಿಸಿಕೊಳ್ಳುವ ಹಾಗೂ ಇಲ್ಲ.

ಅದರಲ್ಲಿ ಎರಡು ಅಂಕಿ ಮುಖ್ಯ. ಡಿಸೈನ್ ಕೆಪಾಸಿಟಿ, ಅಂದರೆ ಬ್ಯಾಟರಿ ಹೊಸದಾಗಿದ್ದಾಗ ಎಷ್ಟು ಹಿಡಿಯಬೇಕಿತ್ತು. ಫುಲ್ ಚಾರ್ಜ್ ಕೆಪಾಸಿಟಿ, ಅಂದರೆ ಈಗ ಎಷ್ಟು ಹಿಡಿಯುತ್ತದೆ. ನನ್ನದು ಹೊಸತರಲ್ಲಿ 42,000 ಮಿಲಿವ್ಯಾಟ್ ಅವರ್. ಈಗ 34,180. ಲೆಕ್ಕ ಹಾಕಿದರೆ ಶೇಕಡ 81. ಸೈಕಲ್ ಕೌಂಟ್ ಅಂತ ಇನ್ನೊಂದಿತ್ತು, 212. ಪೂರ್ತಿ ಒಂದು ಬ್ಯಾಟರಿಯಷ್ಟು ಚಾರ್ಜ್ ಖರ್ಚಾಗಿ ತುಂಬಿದರೆ ಒಂದು ಸೈಕಲ್. ಅರ್ಧರ್ಧ ಎರಡು ಸಲ ಆದರೂ ಒಂದೇ. ಸಾಮಾನ್ಯವಾಗಿ 300ರಿಂದ 500 ಸೈಕಲ್ ಆದ ಮೇಲೆ ಬ್ಯಾಟರಿ ಸುಸ್ತಾಗುವುದು. ಕೆಳಗೆ ವಾರ ವಾರದ ಪಟ್ಟಿಯೂ ಇತ್ತು. ಕೆಪಾಸಿಟಿ ಎಷ್ಟೆಷ್ಟು ಇಳಿದಿದೆ ಅಂತ ಸಾಲಾಗಿ ಇದೆ. ನಿಧಾನಕ್ಕೆ ಇಳಿದಿದೆ, ಎಲ್ಲೂ ಧಡಕ್ಕಂತ ಬಿದ್ದಿಲ್ಲ. ಒಳಗಿನ ಸೆಲ್ ಕೆಟ್ಟಿದ್ದರೆ ಯಾವುದೋ ಒಂದು ವಾರದಲ್ಲಿ ಅಂಕಿ ಕುಸಿದಿರುತ್ತಿತ್ತು ಅಂತ ಮಗಳು ಹೇಳಿದಳು.

ನನ್ನ ಜೀವನವೇ ಅಂಕಿಗಳ ಜೊತೆ. ಆ ಪಟ್ಟಿ ನೋಡಿದಾಗ ಒಂಥರಾ ಧೈರ್ಯ ಬಂತು. ಇಷ್ಟು ಹೊತ್ತು ಬ್ಯಾಟರಿ ಹೋಗಿದೆ ಅನ್ನುವುದು ಒಬ್ಬರ ಮಾತಾಗಿತ್ತು. ಈಗ ನನ್ನ ಮುಂದೆ ಲೆಕ್ಕ ಇತ್ತು. ಈ ಲೆಕ್ಕದ ಪ್ರಕಾರ ಬ್ಯಾಟರಿ ಚೆನ್ನಾಗಿದೆ. ಅದಕ್ಕೆ ತುಂಬಬೇಕಾದ್ದು ತಲುಪುತ್ತಿಲ್ಲ.

ಆಮೇಲೆ ಅವಳು ಹೇಳಿದಂತೆ ಇನ್ನೆರಡು ಮಾಡಿದೆ. ವಿಂಡೋಸ್‌ನಲ್ಲೇ ಇರುವ ಡಿವೈಸ್ ಮ್ಯಾನೇಜರ್‌ನಲ್ಲಿ ಬ್ಯಾಟರೀಸ್ ಅಂತ ಇರುತ್ತದೆ, ಅದರಡಿ ನಡುವೆ ಎಸಿಪಿಐ ಅನ್ನುವ ಅಕ್ಷರಗಳಿರುವ ಉದ್ದ ಹೆಸರಿನ ಒಂದು ಸಾಲು ಇರುತ್ತದೆ. ಅದನ್ನು ಅನ್‌ಇನ್‌ಸ್ಟಾಲ್ ಮಾಡಿ ಲ್ಯಾಪ್‌ಟಾಪ್ ಆಫ್ ಮಾಡಬೇಕು, ಮತ್ತೆ ಆನ್ ಮಾಡಿದಾಗ ತಾನೇ ವಾಪಸ್ ಬರುತ್ತದೆ. ಆಫ್ ಆಗಿರುವಾಗಲೇ ಚಾರ್ಜರ್ ಕಿತ್ತು, ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿ ಹಿಡಿದೆ. ಒಳಗೆ ಉಳಿದ ಕರೆಂಟು ಹೋಗಿ, ಚಾರ್ಜ್ ನೋಡಿಕೊಳ್ಳುವ ಚಿಪ್ಪು ಹೊಸದಾಗಿ ಶುರುವಾಗಲಿ ಅಂತ. ಹಳೇ ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಕಳಚಿ ಇದನ್ನು ಮಾಡುತ್ತಿದ್ದರು. ಈಗಿನವಕ್ಕೆ ಬ್ಯಾಟರಿ ಒಳಗೇ ಕೂತಿರುತ್ತದೆ. ಕೆಲವಕ್ಕೆ ತಳದಲ್ಲಿ ಸೂಜಿ ಹೋಗುವಷ್ಟು ತೂತು ಇರುತ್ತದೆ, ಪಕ್ಕದಲ್ಲಿ ಬ್ಯಾಟರಿ ಚಿತ್ರ. ಅದರೊಳಗೆ ಪಿನ್ ಒತ್ತಿದರೂ ಇದೇ ಕೆಲಸ. ನನ್ನದಕ್ಕೆ ಅದಿಲ್ಲ.

ಚಾರ್ಜರ್ ಸಿಕ್ಕಿಸಿ ಆನ್ ಮಾಡಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಎರಡು ಸಾಲು ಬಂತು. ನಾನು ಲ್ಯಾಪ್‌ಟಾಪ್ ಆಫ್ ಮಾಡುವುದು ಕಡಿಮೆ, ಮುಚ್ಚಿ ಇಡುತ್ತೇನೆ, ಬೆಳಿಗ್ಗೆ ತೆರೆಯುತ್ತೇನೆ. ಹಾಗಾಗಿ ಈ ಸಾಲು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಮೊಬೈಲಿನಲ್ಲಿ ಫೋಟೋ ಹೊಡೆದು ಮಗಳಿಗೆ ಕಳಿಸಿದೆ. ಚಾರ್ಜರ್ ಯಾವ ತರಹದ್ದು ಅಂತ ಗೊತ್ತಾಗುತ್ತಿಲ್ಲ, ಬ್ಯಾಟರಿ ಚಾರ್ಜ್ ಆಗದಿರಬಹುದು ಅಂತ ಅದರ ಅರ್ಥ.

“ಅಮ್ಮ, ಇದೇ!” ಅಂದಳು. “ಚಾರ್ಜರ್ ನೋಡಿಸು.”

ಮರುದಿನ 18. ನಮ್ಮ ಬೀದಿಯ ತಿರುವಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇದೆ, ಬೋರ್‌ವೆಲ್ ಮೋಟಾರ್ ಸುತ್ತಿಕೊಡುತ್ತಾರೆ. ಅದರ ಯಜಮಾನರನ್ನು ಬೀದಿಯವರೆಲ್ಲ ದೊಡ್ಡಪ್ಪ ಅಂತಲೇ ಕರೆಯುವುದು. ಅವರ ಹತ್ತಿರ ವೋಲ್ಟ್ ಅಳೆಯುವ ಮೀಟರ್ ಇರುತ್ತದೆ ಅಂತ ಚಾರ್ಜರ್ ಒಯ್ದೆ. ಲ್ಯಾಪ್‌ಟಾಪಿಗೆ ಸಿಕ್ಕಿಸುವ ಪಿನ್ನಿನ ಒಳಗೋಡೆಗೆ ಮೀಟರಿನ ಕೆಂಪು ಕಡ್ಡಿ, ಹೊರಮೈಗೆ ಕಪ್ಪು ಕಡ್ಡಿ ಹಿಡಿದರು. ಮೀಟರಿನಲ್ಲಿ 19.5 ಬಂತು. ಡಬ್ಬಿಯ ಮೇಲೂ 19.5 ವೋಲ್ಟ್, 3.34 ಆಂಪ್ ಅಂತಲೇ ಬರೆದಿದೆ. ಎರಡನ್ನೂ ಗುಣಿಸಿದರೆ 65 ವ್ಯಾಟ್.

“ಕರೆಂಟ್ ಸರಿಯಾಗಿ ಬರ್ತಾ ಐತಲ್ಲವ್ವ. ಚಾರ್ಜರಿಗೆ ಏನೂ ಆಗಿಲ್ಲ ನೋಡು” ಅಂದರು.

ಮತ್ತೆ ತಲೆ ಕೆಟ್ಟಿತು. ಬ್ಯಾಟರಿ ಸರಿ ಇದೆ ಅಂತ ರಿಪೋರ್ಟ್ ಹೇಳುತ್ತದೆ. ಚಾರ್ಜರ್ ಸರಿ ಇದೆ ಅಂತ ಮೀಟರ್ ಹೇಳುತ್ತದೆ. ಹಾಗಾದರೆ ಲ್ಯಾಪ್‌ಟಾಪಿನ ಬೋರ್ಡೇ ಹೋಗಿದೆಯಾ? ಬೋರ್ಡ್ ಅಂದರೆ ಹತ್ತು ಸಾವಿರದ ಮಾತು. ಮನೆಗೆ ಬಂದು ಕೂತು ಎರಡು ಅಂಗಡಿಯವರ ರಿಟರ್ನ್ ಹಾಕಿದೆ, ಮನಸ್ಸು ಮಾತ್ರ ಅಲ್ಲೇ ಇತ್ತು. ಸಾಫ್ಟ್‌ವೇರ್ ತೆರೆಯುವುದಕ್ಕೇ ಎರಡು ನಿಮಿಷ ಹಿಡಿಯುತ್ತಿತ್ತು. ನಾಲ್ಕೈದು ದಿನದಿಂದ ಹೀಗೇ ನಿಧಾನ ಆಗಿತ್ತು, ಶೆಕೆಗೆ ಅಂದುಕೊಂಡಿದ್ದೆ. ಮಧ್ಯಾಹ್ನ ಮಗಳ ಹತ್ತಿರ ಮಾತಾಡುವಾಗ ಈ ಮಾತೂ ಬಂತು. ಅವಳು ಥಟ್ಟನೆ ಹಿಡಿದುಕೊಂಡಳು.

ಅವಳು ವಿವರಿಸಿದ್ದು ಇದು. ಕೆಲವು ಕಂಪನಿಗಳ ಚಾರ್ಜರ್ ಪಿನ್ನಿನ ನಟ್ಟನಡುವೆ ಸೂಜಿಯಷ್ಟು ತೆಳ್ಳಗಿನ ಇನ್ನೊಂದು ಪಿನ್ ಇರುತ್ತದೆ. ಹೊರಮೈ ಒಂದು ತಂತಿ, ಒಳಗೋಡೆ ಒಂದು ತಂತಿ, ಕರೆಂಟು ಬರುವುದು ಈ ಎರಡರಲ್ಲೇ. ನಡುವಿನ ಸೂಜಿ ಕರೆಂಟಿಗಲ್ಲ, ಪರಿಚಯ ಹೇಳುವುದಕ್ಕೆ. ನಾನು ಇದೇ ಕಂಪನಿಯ ಚಾರ್ಜರ್, ನಾನು 65 ವ್ಯಾಟಿನವನು ಅಂತ ಅದರ ಮೂಲಕ ಲ್ಯಾಪ್‌ಟಾಪಿಗೆ ತಿಳಿಯಬೇಕು. ತಿಳಿಯದಿದ್ದರೆ ಲ್ಯಾಪ್‌ಟಾಪ್ ಹುಷಾರಾಗುತ್ತದೆ. ಈ ಚಾರ್ಜರ್ ಎಷ್ಟು ಭಾರ ಹೊರುತ್ತದೋ ಗೊತ್ತಿಲ್ಲ, ಜಾಸ್ತಿ ಎಳೆದರೆ ಸುಟ್ಟುಹೋದೀತು ಅಂತ ಬ್ಯಾಟರಿ ತುಂಬುವುದನ್ನು ನಿಲ್ಲಿಸುತ್ತದೆ, ತನ್ನ ವೇಗವನ್ನೂ ತಗ್ಗಿಸಿಕೊಳ್ಳುತ್ತದೆ. ಚಾರ್ಜ್ ಆಗದಿರುವುದು, ನಿಧಾನ ಆಗಿರುವುದು, ಎರಡೂ ಒಂದೇ ಕಾಯಿಲೆ. ದೊಡ್ಡಪ್ಪನ ಮೀಟರ್ ಹೇಳಿದ್ದೂ ಸುಳ್ಳಲ್ಲ. ಎರಡು ತಂತಿಯನ್ನು ಅಳೆದರು, ಎರಡೂ ಸರಿ ಇದ್ದವು. ಮೂರನೆಯದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಟೈಪ್-ಸಿ ಚಾರ್ಜರ್ ಇರುವವರಿಗೂ ಹೆಚ್ಚುಕಡಿಮೆ ಇದೇ ಕಥೆ. ಅಲ್ಲಿ ಸೂಜಿ ಇಲ್ಲ, ಆದರೆ ಕೇಬಲ್ ಒಳಗಿನ ಸಣ್ಣ ತಂತಿಯಲ್ಲಿ ಚಾರ್ಜರೂ ಲ್ಯಾಪ್‌ಟಾಪೂ ಮಾತಾಡಿಕೊಂಡು ಎಷ್ಟು ವೋಲ್ಟ್ ಬೇಕು ಅಂತ ತೀರ್ಮಾನ ಮಾಡುತ್ತವೆ. ಮೊಬೈಲಿನ ಸಣ್ಣ ಚಾರ್ಜರ್ ಹಾಕಿದರೆ ಲ್ಯಾಪ್‌ಟಾಪ್ ಚಾರ್ಜ್ ಆಗದೇ ಇರುವುದು ಇದಕ್ಕೇ.

ಮೊಬೈಲ್ ಟಾರ್ಚ್ ಹಾಕಿ ಪಿನ್ನಿನ ಒಳಗೆ ನೋಡಿದೆ. ಸೂಜಿ ನೆಟ್ಟಗೇ ಇತ್ತು, ಬಗ್ಗಿರಲಿಲ್ಲ. ಎಳೆದಾಡಿ ಸಿಕ್ಕಿಸಿದರೆ ಅದು ಬಗ್ಗುವುದು ಉಂಟಂತೆ. ಲ್ಯಾಪ್‌ಟಾಪಿನ ತೂತಿನಲ್ಲಿ ಧೂಳು ಇದ್ದೀತು ಅಂತ ಆಫ್ ಮಾಡಿ, ಒಣ ಪೇಂಟಿಂಗ್ ಬ್ರಷ್ಷಿನಿಂದ ಮೆಲ್ಲಗೆ ಝಾಡಿಸಿದೆ. ಆಮೇಲೆ ಮಗಳು ಹೇಳಿದಂತೆ ವೈರನ್ನು ಗೇಣು ಗೇಣಾಗಿ ಹಿಡಿದು, ನಿಧಾನಕ್ಕೆ ಬಾಗಿಸುತ್ತಾ ಲ್ಯಾಪ್‌ಟಾಪಿನ ಚಾರ್ಜಿಂಗ್ ಲೈಟನ್ನೇ ನೋಡುತ್ತಾ ಹೋದೆ. ಪಿನ್ನಿನ ಕಡೆ ಏನೂ ಆಗಲಿಲ್ಲ. ನಡುವೆ ಏನೂ ಆಗಲಿಲ್ಲ. ಡಬ್ಬಿಯಿಂದ ವೈರು ಹೊರಗೆ ಬರುವ ಕಡೆ, ಎರಡು ಬೆರಳಷ್ಟು ದೂರದಲ್ಲಿ, ಎಡಕ್ಕೆ ಬಾಗಿಸಿದಾಗ ಲೈಟು ಹತ್ತಿತು. ಎರಡು ಸೆಕೆಂಡು. ಮತ್ತೆ ಆರಿತು. ಮತ್ತೆ ಬಾಗಿಸಿದೆ, ಮತ್ತೆ ಹತ್ತಿತು. ಅಷ್ಟರಲ್ಲೇ ನನಗೆ ಕಣ್ಣಲ್ಲಿ ನೀರು ಬಂತು, ಅಷ್ಟು ಸಮಾಧಾನ ಆಯಿತು.

ಆ ಜಾಗ ಯಾವುದು ಅಂದರೆ, ದಿನಾ ಕೆಲಸ ಮುಗಿದ ಮೇಲೆ ನಾನು ವೈರನ್ನು ಡಬ್ಬಿಗೆ ಬಿಗಿಯಾಗಿ ಸುತ್ತುವಾಗ ಮೊದಲು ಮಡಿಸುವ ಜಾಗ. ಮೂರು ವರ್ಷ, ದಿನಕ್ಕೊಂದು ಸಲ.

ಸಂಜೆ ಐದಕ್ಕೆ ಪಿ.ಬಿ. ರಸ್ತೆಯಿಂದ ಒಳಗೆ ಇರುವ ಒಂದು ಸಣ್ಣ ರಿಪೇರಿ ಅಂಗಡಿಗೆ ಹೋದೆ. ಚೌಕಿಪೇಟೆಯ ನಮ್ಮ ಅಂಗಡಿಯವರೊಬ್ಬರು ಹೇಳಿದ್ದರು. ಒಬ್ಬನೇ ಹುಡುಗ, ಮೂವತ್ತರ ಒಳಗಿನವನು. ಒಂದು ಮೇಜು, ಒಂದು ಭೂತಗನ್ನಡಿ ದೀಪ, ಸುತ್ತ ತೆರೆದಿಟ್ಟ ಲ್ಯಾಪ್‌ಟಾಪ್‌ಗಳು. ನಾನು ಬೇರೇನೂ ಹೇಳದೆ ಚಾರ್ಜ್ ಆಗ್ತಿಲ್ಲ ಅಂತ ಮಾತ್ರ ಅಂದೆ, ಅವನು ಏನು ಮಾಡುತ್ತಾನೆ ನೋಡೋಣ ಅಂತ. ಅವನು ಮಾತಾಡದೆ ಡ್ರಾಯರಿನಿಂದ ಅದೇ ಪಿನ್ನಿನ ಇನ್ನೊಂದು ಚಾರ್ಜರ್ ತೆಗೆದು ಸಿಕ್ಕಿಸಿದ. ಲೈಟು ಹತ್ತಿತು. 19 ಇದ್ದದ್ದು ಎರಡು ನಿಮಿಷಕ್ಕೆ 20 ಆಯಿತು.

“ಅಕ್ಕಾ, ಬ್ಯಾಟರಿ ಏನೂ ಆಗಿಲ್ರಿ. ನಿಮ್ ಚಾರ್ಜರ್ ಕೇಬಲ್ ಹೋಗೈತೆ.”

ಎಷ್ಟು ಸುಲಭ ನೋಡಿ! ಅದೇ ಕಂಪನಿಯ ಅದೇ ಪಿನ್ನಿನ, ಅಷ್ಟೇ ವೋಲ್ಟಿನ, ಅಷ್ಟೇ ಅಥವಾ ಹೆಚ್ಚು ವ್ಯಾಟಿನ ಇನ್ನೊಂದು ಚಾರ್ಜರ್ ಹಾಕಿ ನೋಡುವುದು. ಮೊದಲ ಅಂಗಡಿಯಲ್ಲಿ ಇದನ್ನು ಮಾಡಿದ್ದರೆ ಅಲ್ಲೇ ಮುಗಿಯುತ್ತಿತ್ತು. ನಿಮಗೆ ಪರಿಚಯದವರ ಹತ್ತಿರ ಅಂಥ ಚಾರ್ಜರ್ ಇದ್ದರೆ, ಯಾವ ಅಂಗಡಿಗೂ ಹೋಗುವ ಮೊದಲು ಒಂದು ಗಂಟೆಯ ಮಟ್ಟಿಗೆ ಕೇಳಿ ತನ್ನಿ. ವೋಲ್ಟ್ ಬೇರೆ ಇರುವ ಚಾರ್ಜರ್ ಪಿನ್ ಹಿಡಿಸಿತು ಅಂತ ಮಾತ್ರ ಹಾಕಬೇಡಿ.

ಹೊಸ ಒರಿಜಿನಲ್ ಚಾರ್ಜರ್ 1,900, ಡೂಪ್ಲಿಕೇಟ್ 700, ಕೇಬಲ್ ಮಾತ್ರ ಬದಲಿಸಿದರೆ 300 ಅಂತ ಹೇಳಿದ. ಡೂಪ್ಲಿಕೇಟ್ ಬೇಡ ಅಂತ ಅವನೇ ಅಂದ. ಕೆಲವದರಲ್ಲಿ ಪರಿಚಯ ಹೇಳುವ ಚಿಪ್ಪೇ ಸರಿ ಇರುವುದಿಲ್ಲ, ಹಾಕಿಕೊಂಡು ಹೋದವರು ಇದೇ ತೊಂದರೆ ಅಂತ ವಾಪಸ್ ಬರುತ್ತಾರಂತೆ. ಕೇಬಲ್ ಹಾಕು ತಮ್ಮ ಅಂದೆ.

ಅವನು ಕೆಲಸ ಮಾಡುವುದನ್ನು ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ನೋಡಿದೆ. ಚಾರ್ಜರ್ ಡಬ್ಬಿಗೆ ಸ್ಕ್ರೂ ಇಲ್ಲ, ಅಂಟಿಸಿಯೇ ಮುಚ್ಚಿರುತ್ತಾರೆ. ಕೂಡುಗೆರೆಯ ಮೇಲೆ ಕಟ್ಟರ್ ಇಟ್ಟು ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಅಂತ ಸುತ್ತಲೂ ಬಡಿದು ತೆರೆದ. ತೆರೆದ ತಕ್ಷಣ ಕೈ ಹಾಕಲಿಲ್ಲ. ಒಳಗೆ ಹೆಬ್ಬೆರಳಿನಷ್ಟು ದಪ್ಪದ ಕಪ್ಪು ಕೆಪಾಸಿಟರ್ ತೋರಿಸಿ, “ಇದರಾಗೆ 300 ವೋಲ್ಟ್ ಮ್ಯಾಲೆ ಕೂತಿರ್ತೈತೆ ಅಕ್ಕಾ, ಪ್ಲಗ್ ಕಿತ್ತ ಮ್ಯಾಲೂ” ಅಂದ. ಮನೆಯ 230 ವೋಲ್ಟ್ ಎಸಿ ಕರೆಂಟು ಡಿಸಿ ಆದಾಗ ಅಲ್ಲಿ ಸುಮಾರು 325 ವೋಲ್ಟ್ ಆಗುತ್ತದೆ. ಅದನ್ನು ಇಳಿಸಿ, ಮೀಟರ್ ಹಿಡಿದು ಸೊನ್ನೆ ಆಗಿದೆ ಅಂತ ನೋಡಿಕೊಂಡೇ ಮುಂದಿನ ಕೆಲಸ. ದಯವಿಟ್ಟು ಮನೆಯಲ್ಲಿ ಚಾರ್ಜರ್ ಒಡೆಯುವ ಸಾಹಸ ಬೇಡ. ವೀಡಿಯೋ ನೋಡಿ ಮಾಡುತ್ತೇನೆ ಅಂತ ಹೊರಡುವ ಹುಡುಗರಿಗೆ ಇದನ್ನೇ ಹೇಳಿ.

ಹಳೇ ಕೇಬಲ್ ಬಿಚ್ಚಿದ ಮೇಲೆ ಆ ಎರಡು ಬೆರಳು ದೂರದ ಜಾಗವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಸಿಪ್ಪೆ ಬಿಡಿಸಿ, ಭೂತಗನ್ನಡಿ ಕೆಳಗೆ ಹಿಡಿದು ತೋರಿಸಿದ. ಹೊರಗೆ ಜಡೆಯ ಹಾಗೆ ಹೆಣೆದ ತಾಮ್ರದ ಎಳೆಗಳು, ಅಲ್ಲಲ್ಲಿ ಕಡಿದು ಕಪ್ಪಾಗಿದ್ದವು. ಅದರೊಳಗೆ ದಪ್ಪ ತಂತಿ, ಗಟ್ಟಿಯಾಗಿಯೇ ಇತ್ತು. ಅದರ ಪಕ್ಕ ಹೊಲಿಗೆ ದಾರದಷ್ಟು ತೆಳ್ಳಗಿನ ಇನ್ನೊಂದು. ಅದರ ಸಿಪ್ಪೆ ಹಾಗೇ ಇದೆ, ಒಳಗೆ ತಾಮ್ರ ತುಂಡಾಗಿದೆ. ಎರಡು ತುದಿಗಳ ನಡುವೆ ಎಳ್ಳುಕಾಳಿನಷ್ಟು ಜಾಗ. ಬಾಗಿಸಿದಾಗ ಆ ತುದಿಗಳು ಒಂದಕ್ಕೊಂದು ತಾಗಿ ಲೈಟು ಹತ್ತುತ್ತಿತ್ತು. ಅಷ್ಟು ಚಿಕ್ಕ ಜಾಗಕ್ಕೆ ನಾನು ಎರಡು ದಿನ ನಿದ್ದೆ ಕೆಟ್ಟಿದ್ದೆ, 3,200 ಕೊಡಲು ತಯಾರಾಗಿದ್ದೆ.

ಕೇಬಲ್ ನಡುವೆಯೇ ಕತ್ತರಿಸಿ ಜಾಯಿಂಟ್ ಹಾಕಬಹುದಿತ್ತಲ್ಲ ಅಂದೆ. ಹಾಗೆ ಮಾಡುವವರೂ ಇದ್ದಾರೆ, ಜಾಯಿಂಟ್ ಚೆನ್ನಾಗಿ ಕೂರದಿದ್ದರೆ ಬಿಸಿಯಾಗುತ್ತದೆ, ಅದಕ್ಕೆ ಡಬ್ಬಿಯೊಳಗೇ ಬೆಸುಗೆ ಹಾಕುವುದು ಒಳ್ಳೆಯದು ಅಂದ. ಮೂರು ತಂತಿ, ಮೂರು ಬೆಸುಗೆ. ಡಬ್ಬಿ ಅಂಟಿಸಿ ಕ್ಲಿಪ್ ಹಾಕಿ ಅರ್ಧ ಗಂಟೆ ಒಣಗಲು ಇಟ್ಟ.

ಆ ಅರ್ಧ ಗಂಟೆಯಲ್ಲಿ ಕಾಲೇಜು ಹುಡುಗನೊಬ್ಬ ಬಂದ. ಅವನದೂ ಚಾರ್ಜ್ ಆಗ್ತಿಲ್ಲವಂತೆ. ಲ್ಯಾಪ್‌ಟಾಪ್ ಮೇಜಿನ ಮೇಲೆ ಇಟ್ಟರೆ ತೂಗುತ್ತಿತ್ತು, ಸಮ ಕೂರುತ್ತಿರಲಿಲ್ಲ. ಕೀಬೋರ್ಡ್ ಕೆಳಗಿನ ಟಚ್‌ಪ್ಯಾಡ್ ಒಂದು ಕಡೆ ಎದ್ದು ಬಂದಿತ್ತು. ರಿಪೇರಿ ಹುಡುಗ ನೋಡಿದ ಕೂಡಲೇ ಆಫ್ ಮಾಡಿಸಿ, ಚಾರ್ಜರ್ ಹಾಕಲೇಬೇಡ ಅಂದ. ನಿಧಾನಕ್ಕೆ ತಳ ತೆರೆದಾಗ ಬ್ಯಾಟರಿ ಪೂರಿಯ ಹಾಗೆ ಉಬ್ಬಿತ್ತು. ಒಳಗೆ ಗ್ಯಾಸ್ ತುಂಬಿಕೊಂಡು ಹೀಗಾಗುತ್ತದೆ. ಚುಚ್ಚಿದರೆ, ಒತ್ತಿ ಕೂರಿಸಲು ನೋಡಿದರೆ ಬೆಂಕಿ ಹತ್ತಬಹುದು. ಅದನ್ನು ಬಿಚ್ಚಿ ಮರಳು ತುಂಬಿದ ಡಬ್ಬದೊಳಗೆ ಇಟ್ಟ. ಇಂಥದಕ್ಕೆ ಬ್ಯಾಟರಿ ಬದಲಿಸುವುದು ಬಿಟ್ಟು ಬೇರೆ ದಾರಿಯೇ ಇಲ್ಲ, ರಿಪೋರ್ಟ್ ನೋಡುತ್ತಾ ಕೂರುವ ಹಾಗೂ ಇಲ್ಲ. ಹಳೇ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕುವುದೂ ತಪ್ಪು. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ತಯಾರಿಸಿದವರೇ ಅದನ್ನು ವಾಪಸ್ ತೆಗೆದುಕೊಂಡು ವಿಲೇವಾರಿ ಮಾಡಬೇಕು. ಅದಕ್ಕೆ ಸರ್ವಿಸ್ ಸೆಂಟರಿಗೋ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೋ ಕೊಡಬೇಕು.

ಅಷ್ಟರಲ್ಲಿ ಪಕ್ಕದ ಗಾಡಿಯಿಂದ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂತು. ರಿಪೇರಿ ಹುಡುಗ ನನಗೂ ಒಂದು ಪೊಟ್ಟಣ ಕೊಟ್ಟ. ಬೇಡ ಅಂದರೂ ಬಿಡಲಿಲ್ಲ. ತಿಂದು, ಕೈ ತೊಳೆದುಕೊಂಡು ಬಂದು, ಮತ್ತೆ ಬೆಸುಗೆ ಹಾಕುವ ಕೋಲು ಹಿಡಿದ. 300 ತಗೊಂಡ. ನಾನು 400 ಕೊಟ್ಟರೆ 100 ವಾಪಸ್ ಮಾಡಿದ.

ಮನೆಗೆ ಬಂದು ಚಾರ್ಜರ್ ಹಾಕಿ ಆನ್ ಮಾಡಿದೆ. ಆ ಎರಡು ಸಾಲು ಬರಲಿಲ್ಲ. ಲೆಕ್ಕದ ಸಾಫ್ಟ್‌ವೇರ್ ಮೊದಲಿನಂತೆ ಬೇಗ ತೆರೆಯಿತು. ಊಟ ಮುಗಿಸಿ ಬರುವಷ್ಟರಲ್ಲಿ 71. ಅವತ್ತು ರಾತ್ರಿ ಒಂದೂವರೆ ತನಕ ಕೂತು ಉಳಿದ ಹದಿಮೂರು ರಿಟರ್ನ್ ತಯಾರು ಮಾಡಿದೆ. ಒಟಿಪಿ ಬೇಕಲ್ಲ, ಅದಕ್ಕೆ ಬೆಳಿಗ್ಗೆ ಎಲ್ಲರಿಗೂ ಫೋನ್ ಮಾಡಿ ಒಂದೊಂದಾಗಿ ಹಾಕಿದೆ. 19ರ ಮಧ್ಯಾಹ್ನಕ್ಕೆ 26ಕ್ಕೆ 26 ಮುಗಿಯಿತು.

ಮಗಳು ಆಮೇಲೆ ಇನ್ನೊಂದು ಮಾಡಿಸಿದಳು. ನನ್ನ ಲ್ಯಾಪ್‌ಟಾಪಿಗೆ ದಿನವಿಡೀ ಚಾರ್ಜರ್ ಹಾಕಿಯೇ ಇರುತ್ತದೆ. 100ರಲ್ಲಿ ನಿಂತು ಬಿಸಿಯಲ್ಲಿ ಕೂತರೆ ಲಿಥಿಯಂ ಬ್ಯಾಟರಿ ಬೇಗ ಸವೆಯುತ್ತದೆ. ಅದಕ್ಕೆ ಆನ್ ಆಗುವಾಗ ಒಳಗೆ ಹೋಗುವ ಬಯೋಸ್ ಸೆಟ್ಟಿಂಗಿನಲ್ಲಿ 80ಕ್ಕೆ ಮಿತಿ ಹಾಕಿಸಿದಳು. ಪೂರ್ತಿ ಖಾಲಿ ಮಾಡಿ ಪೂರ್ತಿ ತುಂಬಬೇಕು ಅಂತ ನಾನು ಹಿಂದಿನಿಂದ ಕೇಳಿಕೊಂಡು ಬಂದಿದ್ದೆ. ಅದು ಹಳೇ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಕಾಲದ ಮಾತು, ಇದಕ್ಕೆ ಹೊಂದುವುದಿಲ್ಲ. ಬೇಸಿಗೆಯಲ್ಲಿ ದಿನಾ ಕರೆಂಟು ಹೋಗುವ ವಾರ ಮಾತ್ರ 100ಕ್ಕೆ ಏರಿಸಿಕೊಳ್ಳುತ್ತೇನೆ, ಆಗ ನನಗೆ ಆ 20 ಬೇಕು.

ವೈರನ್ನು ಈಗ ಡಬ್ಬಿಗೆ ಸುತ್ತುವುದಿಲ್ಲ. ಡಬ್ಬಿಯ ಹತ್ತಿರ ಒಂದು ಗೇಣು ಸಡಿಲ ಬಿಟ್ಟು, ಉಳಿದದ್ದನ್ನು ಹೂವಿನ ಮಾರು ಸುತ್ತುವ ಹಾಗೆ ಅಗಲವಾಗಿ ಸುತ್ತಿ, ಮೇಲೆ ಇಡುತ್ತೇನೆ.

ನನ್ನ ಸ್ವಂತ ಖರ್ಚಿನ ಪುಸ್ತಕದ ಕೊನೆ ಹಾಳೆಯಲ್ಲಿ ಒಂದು ಹೊಸ ಪಟ್ಟಿ ಗೀಚಿದ್ದೇನೆ. ತಿಂಗಳಿಗೊಮ್ಮೆ, 18ನೇ ತಾರೀಕು, ರಿಪೋರ್ಟ್ ತೆಗೆದು ಫುಲ್ ಚಾರ್ಜ್ ಕೆಪಾಸಿಟಿ ಬರೆದಿಡುವುದು. ಏಪ್ರಿಲ್ 34,180. ಮೇ 34,060. ಜೂನ್ 33,990.